ನೀರೆಳೆಯುವ ಪೈಪಿನ ನಿಪ್ಪಲ್ ಸೀಳಿದರೆ

ಪ್ರಶ್ನೆ: ನಮ್ಮ ತರುಣ ಮಂಡಳಿಯ ಹತ್ತಿರ ಹಳೆಯ ಸ್ಟರ್ನ್‌ಡ್ರೈವ್ ದೋಣಿಯೊಂದಿದೆ. ಹತ್ತು ನಿಮಿಷ ಓಡಿಸಿದರೆ ಎಂಜಿನ್ ಕಾದುಬಿಡುತ್ತದೆ. ಹೊಳೆಯ ನೀರು ಎಳೆಯುವ ಪೈಪು ಕೂರುವ ಪ್ಲಾಸ್ಟಿಕ್ ನಿಪ್ಪಲ್ ಸೀಳಿದ್ದು ಕಣ್ಣಿಗೆ ಬಿತ್ತು. ಎಪಾಕ್ಸಿ ಮೆತ್ತಿದರೆ ನಡೆದೀತೇ?
– ಓದುಗರೊಬ್ಬರು, ವಿಶ್ರಾಮಬಾಗ, ಸಾಂಗಲಿ

ಉತ್ತರ: ನಡೆಯುವುದಿಲ್ಲ. ನಿಪ್ಪಲ್ ಬದಲಿಸಲೇಬೇಕು, ಅದೂ ದೋಣಿಯನ್ನು ದಂಡೆಗೆ ತಂದು ಟ್ರೇಲರ್ ಮೇಲೆ ನಿಲ್ಲಿಸಿದ ಮೇಲೆ.

ನೆರೆಯಲ್ಲಿ ನೀವು ನೋಡುವ ರಬ್ಬರ್ ದೋಣಿಗಳಿಗೆ ಹಿಂದೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್ ಇರುತ್ತದೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ದೋಣಿಯ ಒಳಗೆ, ಫ್ಯಾನು ತಿರುಗಿಸುವ ಕಾಲು ಹೊರಗೆ. 1959ರಲ್ಲಿ ವೋಲ್ವೋ ಪೆಂಟಾ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ನೀರು ಆ ಕಾಲಿನ ಕೆಳಗಿನ ಸೀಳುಗಂಡಿಗಳಿಂದ ಏರಿ, ದೋಣಿಯ ಹಿಂಗೋಡೆ ದಾಟಿ, ಪೈಪಿನ ಮೂಲಕ ಎಂಜಿನ್ ಸೇರುತ್ತದೆ. ಗೋಡೆ ದಾಟುವ ಜಾಗದಲ್ಲೇ ನಿಮ್ಮ ನಿಪ್ಪಲ್ ಇದೆ. ಅದು ಪೂರ್ತಿ ಕಿತ್ತು ಬಂದರೆ ಎಂಜಿನ್ ಕಾಯುವುದಷ್ಟೇ ಅಲ್ಲ, ಹೊಳೆಯೇ ದೋಣಿಯೊಳಗೆ ಬರುತ್ತದೆ. ಎಪಾಕ್ಸಿ ಬೇಡ ಅನ್ನುವುದು ಇದಕ್ಕೇ. ಎಂಜಿನ್ನಿನ ನಡುಕ ಮತ್ತು ಬಿಸಿಗೆ ಆ ಮೆತ್ತಿಗೆ ಯಾವಾಗ ಬಿಡುತ್ತದೆಂದು ಹೇಳಲಾಗದು.

ಸೀಳಿದ್ದರೂ ಎಂಜಿನ್ ಓಡುವಾಗ ಒಂದು ಹನಿ ಸೋರದೆ ಇದ್ದರೆ ಆಶ್ಚರ್ಯಪಡಬೇಡಿ. ಪಂಪು ಎಂಜಿನ್ ಮೇಲಿರುವ ಮಾದರಿಗಳಲ್ಲಿ ಈ ಪೈಪಿನೊಳಗೆ ಇರುವುದು ಒತ್ತಡವಲ್ಲ, ಎಳೆತ. ಸೀಳಿನಿಂದ ನೀರು ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಗಾಳಿ ಕುಡಿದ ಪಂಪಿಗೆ ನೀರು ಹಿಡಿಯದು, ಒಳಗಿನ ರಬ್ಬರ್ ಇಂಪೆಲರ್ ಒಣಗಿ ಉಜ್ಜಿ ಎಸಳು ಕಳೆದುಕೊಳ್ಳುತ್ತದೆ. ಅನುಮಾನವಿದ್ದರೆ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಜೋಡಿಸಿ ನೋಡಿ. ಬಾಟಲಿಯ ಸೋಡಾದಂತೆ ಗುಳ್ಳೆಗಳ ಸಾಲು ಓಡಿದರೆ ಗಾಳಿ ಸೇರುತ್ತಿದೆಯೆಂದೇ ಅರ್ಥ. ಪಂಪು ಕಾಲಿನೊಳಗೇ ಇರುವ ಮಾದರಿಯಾದರೆ ಲೆಕ್ಕ ತಿರುವುಮುರುವು: ಸೀಳಿನಿಂದ ನೀರು ಒಳಗೆ ಚಿಮ್ಮುತ್ತದೆ.

ಹೊಸ ನಿಪ್ಪಲ್ ತರುವ ಮುಂಚೆ ಹಳೆಯದನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ. ಕ್ಲಿಪ್ ಕೂತ ಜಾಗದಲ್ಲೇ ಕೂದಲೆಳೆಯ ಬಿರುಕಿದ್ದರೆ ಯಾರೋ ಅತಿಯಾಗಿ ಬಿಗಿದಿದ್ದಾರೆ. ಪ್ಲಾಸ್ಟಿಕ್ ಮೇಣದಂತೆ ಕರಗಿ ಸೊಟ್ಟಗಾಗಿದ್ದರೆ ತೊಂದರೆ ಬೇರೆಡೆ ಇದೆ: ಮೊದಲು ನೀರು ನಿಂತು, ಪಕ್ಕದಲ್ಲೇ ಹಾಯುವ ಹೊಗೆಯ ಬಿಸಿಗೆ ಅದು ಬೆಂದಿದೆ. ಹಾಗಿದ್ದರೆ ಇಂಪೆಲರನ್ನೂ ಕಾಲಿನ ನೀರುಗಂಡಿಗಳನ್ನೂ ನೋಡದೆ ಹೊಸದನ್ನು ಹಾಕಿದರೆ ಅದೂ ಕರಗುತ್ತದೆ. ನಿಮ್ಮ ಕೃಷ್ಣೆಯಲ್ಲಿ ಜಲಕುಂಭಿಯ ಬೇರು ಮತ್ತು ಮಳೆಗಾಲದ ಕೆಸರು ಆ ಗಂಡಿಗಳನ್ನು ಬೇಗ ಮುಚ್ಚುತ್ತವೆ.

ಕೆಲಸಕ್ಕೆ ಕಾಲನ್ನು ಪೂರ್ತಿ ಕಳಚಬೇಕು. ಹೆಚ್ಚಿನ ಮಾದರಿಗಳಲ್ಲಿ ಕಾಲನ್ನು ಮೇಲೆಕೆಳಗೆ ಮಾಡುವ ಟ್ರಿಮ್ ಸಿಲಿಂಡರಿನ ಪಿನ್ನು ತೆಗೆದು, ಸುತ್ತಲಿನ ನಟ್ಟು ಬಿಚ್ಚಿದರೆ ಅದು ಹಿಂದಕ್ಕೆ ಜಾರುತ್ತದೆ. ಭಾರವಿದೆ, ಇಬ್ಬರು ಹಿಡಿಯಿರಿ, ಅಡಿಗೆ ಆಸರೆ ಕೊಡಿ. ಬಿಚ್ಚುವಾಗ ಗೇರು ಎಲ್ಲಿರಬೇಕೆಂಬುದು ಮಾದರಿಗೊಂದು ತೆರ, ಕಂಪನಿಯ ಪುಸ್ತಕ ನೋಡಿಯೇ ಕೈಹಾಕಿ. ಒಳಗಿನ ಕ್ಲಿಪ್ ಸಡಿಲಿಸಿ ಹಳೆಯ ನಿಪ್ಪಲ್ ತೆಗೆದ ಮೇಲೆ ಅದು ಕೂರುವ ಲೋಹದ ಮುಖವನ್ನು ಹಳೆಯ ಗ್ಯಾಸ್ಕೆಟಿನ ತುಣುಕೂ ಉಳಿಯದಂತೆ ಒರೆಸಿ. ಗ್ಯಾಸ್ಕೆಟ್, ಓ-ರಿಂಗ್ ಹೊಸದೇ ಇರಲಿ. ಹಿತ್ತಾಳೆಯ ನಲ್ಲಿ ನಿಪ್ಪಲನ್ನೋ ಜಿಐ ತುಂಡನ್ನೋ ತಂದು ಹೊಂದಿಸಬೇಡಿ, ಅದು ಕೂರುವ ಅಲ್ಯೂಮಿನಿಯಂ ಮುಖಕ್ಕೆ ಬೇರೆ ಲೋಹ ತಾಗಿದರೆ ಆ ಮುಖವೇ ಸವೆಯುತ್ತದೆ.

ಪೈಪಿನ ತುದಿ ಗಟ್ಟಿಯಾಗಿದ್ದರೆ, ಉದ್ದ ಸಾಲುವಂತಿದ್ದರೆ ಎರಡು ಬೆರಳಿನಷ್ಟು ಕತ್ತರಿಸಿ ಬಿಸಾಡಿ. ಇಲ್ಲವಾದರೆ ಪೈಪೇ ಹೊಸದು. ಎಳೆತದ ಸಾಲಿಗೆ ತಂತಿ ಸುತ್ತಿದ ಪೈಪೇ ಬೇಕು, ಮಾಮೂಲಿ ತೋಟದ ಪೈಪು ಒಳಕ್ಕೆ ಚಪ್ಪಟೆಯಾಗುತ್ತದೆ. ಏರಿಸಲು ಸೋಪಿನ ನೀರು ಸಾಕು, ಗ್ರೀಸು ಬೇಡ. ಸ್ಟೇನ್‌ಲೆಸ್ ಕ್ಲಿಪ್ ಎರಡು ಹಾಕಿ, ತಿರುಪುಗಳು ಎದುರುಬದುರಾಗಿರಲಿ. ರಬ್ಬರು ಕ್ಲಿಪ್ಪಿನ ತೂತುಗಳಲ್ಲಿ ಉಬ್ಬಿ ಬರುವ ತನಕ ಬಿಗಿಯುವುದೇ ನಿಪ್ಪಲ್ ಸೀಳುವ ದಾರಿ. ಕಾಲು ಹೊರಗಿರುವಾಗ ಹಿಂಗೋಡೆಗೂ ಕಾಲಿಗೂ ನಡುವಿನ ರಬ್ಬರ್ ತೋಳಿನ, ಅಂದರೆ ಬೆಲ್ಲೋಸ್‌ನ, ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಆ ರಬ್ಬರಿನಲ್ಲೂ ಬಿರುಕಿದ್ದರೆ ಈಗಲೇ ಬದಲಿಸಿ.

ಈ ಕೆಲಸವನ್ನು ಮಳೆಗಾಲಕ್ಕೆ ಮುಂದೂಡಬೇಡಿ. 8 ಆಗಸ್ಟ್ 2019ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ತರುತ್ತಿದ್ದ ದೋಣಿ ಮಗುಚಿ ಹಲವರು ತೀರಿಹೋದರು. ಆ ದಿನಗಳಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 45 ಅಡಿಯ ಅಪಾಯದ ಮಟ್ಟ ಮೀರಿ 57 ಅಡಿ ದಾಟಿತ್ತು. ನಿಮ್ಮ ದೋಣಿಯನ್ನು ಯಾರಾದರೂ ಅಂಥ ಹೊತ್ತಿಗೆ ಬೇಡಿ ಬಂದರೆ ಇಲ್ಲ ಅನ್ನಲು ನಿಮಗೆ ಮನಸ್ಸು ಬರುವುದಿಲ್ಲ. ಮೇ ತಿಂಗಳು ಮುಗಿಯುವ ಮುಂಚೆ ಕೆಲಸ ಮುಗಿಸಿ.

ನೀರಿಗೆ ಇಳಿಸಿದ ಮೇಲೆ ನಿಪ್ಪಲಿನ ಕೆಳಗೆ ಒಣ ಬಟ್ಟೆ ಹಾಸಿ, ಎಂಜಿನ್ ಹಚ್ಚದೆ ಕಾಲು ಗಂಟೆ ಬಿಡಿ. ಬಟ್ಟೆ ಒದ್ದೆಯಾಗದಿದ್ದರೆ ಎಂಜಿನ್ ಚಾಲೂ ಮಾಡಿ, ಬಿಸಿಯ ಮಾಪಕದ ಮುಳ್ಳು ನೋಡುತ್ತ ದಂಡೆಯ ಹತ್ತಿರವೇ ಇಪ್ಪತ್ತು ನಿಮಿಷ ಓಡಿಸಿ, ಮತ್ತೊಮ್ಮೆ ಬಟ್ಟೆ ಮುಟ್ಟಿ ನೋಡಿ.