ಆ ಕಣಿವೆಗೆ ಇಳಿಯುವ ಮುನ್ನ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಅರಿಜೋನಾದ ಕ್ಯಾನಿಯನ್ ಡಿ ಶೇ ಕಣಿವೆ ನೋಡಿ ಬರುವ ಆಸೆ ಇದೆಯೇ? ಖಂಡಿತ ಹೋಗಿ. ಆದರೆ ದೊಡ್ಡ ಜೀಪೊಂದನ್ನು ಬಾಡಿಗೆಗೆ ಹಿಡಿದರೆ ನೇರವಾಗಿ ಕಣಿವೆಗೆ ಇಳಿಯಬಹುದು ಎಂದುಕೊಳ್ಳಬೇಡಿ. ಅದು 1931ರಿಂದ ರಾಷ್ಟ್ರೀಯ ಸ್ಮಾರಕ, ನಿಜ. ನೆಲ ಮಾತ್ರ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರದು. ಮೇಲಿನ ಅಂಚಿನ ರಸ್ತೆಗಳಲ್ಲಿ ನೀವಾಗಿಯೇ ಸುತ್ತಬಹುದು. ಕೆಳಗಿಳಿಯಲು ಪರವಾನಗಿಯಿರುವ ನವಾಹೋ ಮಾರ್ಗದರ್ಶಕರು ಜೊತೆಗಿರಲೇಬೇಕು. ಅವರನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಿ, ಅವರ ಗಾಡಿಯಲ್ಲೇ ಕೂರಿ.

ಅಲ್ಲಿ ದಾರಿಯೆಂದರೆ ಹಳ್ಳದ ಮರಳೇ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಚಕ್ರವನ್ನು ನುಂಗುವ ಹೂಳು ಇರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಮಳೆ ಸುರಿದರೆ ನೀರು ನುಗ್ಗಿ ಬರುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಭಯ ಹೆಚ್ಚು. ಮಾರ್ಗದರ್ಶಕರು ‘ಇವತ್ತು ಬೇಡ’ ಎಂದರೆ ‘ದುಡ್ಡು ಕೊಟ್ಟಿದ್ದೇವಲ್ಲ’ ಎಂದು ವಾದಕ್ಕೆ ನಿಲ್ಲಬೇಡಿ. ಒಂದು ದಿನ ಕೈಯಲ್ಲಿ ಉಳಿಸಿಕೊಂಡೇ ಹೋಗಿ.

ಗಡಿಯಾರದ ವಿಷಯದಲ್ಲೂ ಎಚ್ಚರ. ಬೇಸಿಗೆಯಲ್ಲಿ ನವಾಹೋ ನಾಡಿನ ಗಂಟೆ ಅರಿಜೋನಾದ ಉಳಿದ ಭಾಗಕ್ಕಿಂತ ಒಂದು ತಾಸು ಮುಂದಿರುತ್ತದೆ. ರಾಜ್ಯದ ರಾಜಧಾನಿ ಫೀನಿಕ್ಸ್‌ನ ಸಮಯ ನಂಬಿ ಬಂದರೆ ನಿಮ್ಮ ಗಾಡಿ ಹೊರಟುಹೋಗಿರುತ್ತದೆ.

ಇನ್ನೊಂದು ಮಾತು. ಕೆಳಗೆ ಮೆಕ್ಕೆಜೋಳದ ಹೊಲ, ಹಣ್ಣಿನ ಮರ, ಮನೆಗಳಿವೆ, ಸಂಸಾರಗಳು ಬದುಕುತ್ತಿವೆ. ಕೇಳದೆ ಯಾರ ಫೋಟೋವನ್ನೂ, ಯಾರ ಮನೆಯ ಫೋಟೋವನ್ನೂ ತೆಗೆಯಬೇಡಿ. ಹಳೆಯ ಕಾಲದ ಮನೆಗಳ ಪಾಳು ಗೋಡೆಗಳನ್ನು ಮುಟ್ಟಬೇಡಿ. ಮಡಕೆಯ ಚೂರು ಕಾಲಿಗೆ ಸಿಕ್ಕರೆ ಎತ್ತಿಕೊಳ್ಳದೆ, ಬಿದ್ದಲ್ಲೇ ಬಿಟ್ಟು ಬನ್ನಿ.