ಅಕ್ಕಿ ಗಿರಣಿಯ ವೈರಿಂಗ್: ವಿದ್ಯುತ್ಕಾಂತೀಯ ಅಡಚಣೆ ತಡೆ

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಇಂಥ ಸೀಮೆಯ ಈಗಿನ ಅಕ್ಕಿ ಗಿರಣಿಗಳಲ್ಲಿ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಹಾರಿಸುವ ಕಲರ್ ಸಾರ್ಟರ್ ಇರುತ್ತದೆ. ಪಕ್ಕದಲ್ಲೇ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಇದ್ದರೆ, ಅದರ ವೇಗದ ಸ್ವಿಚಿಂಗ್‌ನಿಂದ ಹುಟ್ಟುವ ಅಧಿಕ ಆವರ್ತನದ ಅಡಚಣೆ ಸೆನ್ಸರ್ ತಂತಿಗೂ ಸೇರಬಹುದು.

ಪವರ್ ಕೇಬಲ್, ಸಿಗ್ನಲ್ ಕೇಬಲ್ ಒತ್ತೊತ್ತಾಗಿ ಎಳೆಯುವುದು ಬೇಡವೇ ಬೇಡ. ದಾಟಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಬೇಕು. ತಂತಿಜೋಡಿ ಹೆಣೆದರೆ ಕಾಂತಕ್ಷೇತ್ರದ ಅಡಚಣೆ, ಅರ್ಥ್ ಮಾಡಿದ ಶೀಲ್ಡ್‌ನಿಂದ ವಿದ್ಯುತ್ ಕ್ಷೇತ್ರದ ಅಡಚಣೆ ತಗ್ಗುತ್ತದೆ. ದೂರದ ಸಂಕೇತಕ್ಕೆ ವೋಲ್ಟೇಜ್‌ಗಿಂತ 4–20 ಮಿಲಿಆಂಪಿಯರ್ ಲೂಪ್ ಮೇಲು. ಇಲ್ಲಿ ಕನಿಷ್ಠ ಸಂಕೇತವೇ 4. ಸೊನ್ನೆ ಬಂದರೆ ತಂತಿ ತುಂಡಾಗಿರಬಹುದು ಎಂದು ತಕ್ಷಣ ತಿಳಿಯುತ್ತದೆ.

ಅರ್ಥಿಂಗ್‌ನ ಭಾರತೀಯ ಮಾನಕ: ಐಎಸ್ 3043.