ಹಾಜರಿದ್ದೂ ಹಾಜರಿಲ್ಲದವನು

ಮಗೂ, ಮೊನ್ನೆ ನಿನ್ನ ಸೀನಿಯರ್ ಎಲ್ಲರೆದುರು ನಕ್ಕುಬಿಟ್ಟರು ಅಂತ ಮುಖ ಸಣ್ಣದು ಮಾಡಿಕೊಂಡು ಬಂದೆಯಲ್ಲ, ಆ ಚೀಟಿಯನ್ನು ನಾನೂ ಓದಿದೆ. ನಮ್ಮ ಕಕ್ಷಿದಾರ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ ಎಂದು ಹೇಳಹೊರಟು ‘ಹಿಸ್ ಅಪಿಯರೆನ್ಸ್ ವಾಸ್ ವೆರಿ ಗುಡ್’ ಅಂತ ಬರೆದಿದ್ದೀಯ. ‘ಏನಮ್ಮಾ, ಹೊಸ ಪಂಚೆ ಉಟ್ಟು ತಲೆ ಬಾಚಿಕೊಂಡು ಬಂದಿದ್ದನೇ?’ ಎಂದು ಅವರು ಕೇಳಿದ್ದು ಅದಕ್ಕೇ. ನಿಜ ಹೇಳಲಾ, ನನಗೂ ನಗು ಬಂತು. ಆದರೆ 31 ವರ್ಷ ಬೆಂಚ್ ಕ್ಲರ್ಕಾಗಿ ಕೂತವನು ನಾನು. ಈ ಒಂದು ಪದ ಎಂತೆಂಥವರನ್ನು ಎಡವಿಸಿದೆ ಅಂತ ಬಲ್ಲೆ.

ನಿಘಂಟು ತೆಗೆದರೆ ಅಪಿಯರೆನ್ಸ್ ಅಂದರೆ ಹೊರನೋಟ, ರೂಪ, ತೋರಿಕೆ ಅಂತಿರುತ್ತದೆ. ನೀನು ಮೊದಲನೇ ಅರ್ಥಕ್ಕೇ ಪುಸ್ತಕ ಮುಚ್ಚಿರುತ್ತೀಯ. ಪದದ ಬೇರು ಲ್ಯಾಟಿನ್ನಿನ ಅಪ್ಪಾರೇರೆ, ಅಂದರೆ ಕಣ್ಣಿಗೆ ಬೀಳುವುದು. ಅಲ್ಲಿಂದ ಎರಡು ಕವಲು: ಬಂದು ಕಾಣಿಸಿಕೊಂಡದ್ದು ಒಂದು, ಹೇಗೆ ಕಂಡ ಅನ್ನುವುದು ಇನ್ನೊಂದು. ನಮ್ಮ ‘ಕಾಣು’ವಿನ ಸಂಸಾರವೂ ಹಾಗೇ ಇದೆ. ‘ಊರಲ್ಲಿ ಚಿರತೆ ಕಾಣಿಸಿಕೊಂಡಿತು’ ಅಂದಾಗ ಚಿರತೆಯ ಚಂದ ಯಾರಿಗೆ ಬೇಕು?

ಕೋರ್ಟಿಗೆ ಬೇಕಾದದ್ದು ಮೊದಲನೇ ಕವಲು. ಅದರಲ್ಲೂ ಒಂದು ವಿಚಿತ್ರವಿದೆ. ಸಿವಿಲ್ ದಾವೆಯಲ್ಲಿ ನಿನ್ನ ಕಕ್ಷಿದಾರ ಹೊಲದಲ್ಲಿ ರಾಗಿ ಒಕ್ಕುತ್ತಿರಬಹುದು. ಅವನ ವಕಾಲತ್ತು ಹಾಕಿದ ವಕೀಲರು ಎದ್ದು ನಿಂತರೆ, ಸಾಮಾನ್ಯವಾಗಿ ಅವನು ಅಪಿಯರ್ ಆದ ಹಾಗೇ. ಇನ್ನೊಬ್ಬ ಬೆಳಿಗ್ಗೆ ಹತ್ತಕ್ಕೇ ಬಂದು ಹಿಂದಿನ ಬೆಂಚಿನಲ್ಲಿ ಬುತ್ತಿ ಇಟ್ಟುಕೊಂಡು ಕೂತಿರುತ್ತಾನೆ. ಕೂಗಿದಾಗ ಓಗೊಡದಿದ್ದರೆ ಅವನು ಬಂದೇ ಇಲ್ಲ. ನನ್ನ ಕಣ್ಣೆದುರೇ ಒಬ್ಬ ಮುದುಕ, ಭಾಗದ ದಾವೆಯ ವಾದಿ, ‘ಇನ್ನೂ ಹೊತ್ತಿದೆ’ ಅಂತ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ. ಜವಾನ ಮೂರು ಸಲ ಕೂಗಿದ. ವಕೀಲರೂ ಮೇಲಿನ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಪ್ರತಿವಾದಿ ಮಾತ್ರ ಹಾಜರು. ದಾವೆ ಗೈರುಹಾಜರಿಗೆ ವಜಾ. ಮುದುಕ ಬಾಯಿ ಒರೆಸಿಕೊಂಡು ಒಳಗೆ ಬಂದು ‘ನಾನಿಲ್ಲೇ ಇದ್ದೀನಲ್ಲ ಸ್ವಾಮಿ’ ಅಂದ. ಹಾಜರಿದ್ದೂ ಹಾಜರಿಲ್ಲದವನು ಅಂದರೆ ಅವನೇ. ಇದೆಲ್ಲ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9ರಲ್ಲಿದೆ, ಒಂದು ಸಲ ನಿಧಾನವಾಗಿ ಓದು. ಪ್ರತಿವಾದಿ ಬಾರದಿದ್ದರೆ ಎಕ್ಸ್‌ಪಾರ್ಟೆ, ಅಂದರೆ ಅವನಿಲ್ಲದೆಯೇ ವಿಚಾರಣೆ; ವಾದಿ ಬಾರದಿದ್ದರೆ ವಜಾ. ಮುದುಕನ ದಾವೆಗೆ ಮತ್ತೆ ಜೀವ ಬಂತು ಅನ್ನು. 30 ದಿನದೊಳಗೆ ಅರ್ಜಿ ಹಾಕಿ, ತಕ್ಕ ಕಾರಣ ತೋರಿಸಿದ್ದರಿಂದ. ಆ ಟೀ ಅವನಿಗೆ ಎಷ್ಟು ದುಬಾರಿಯಾಯಿತೋ!

ಇನ್ನು ರೂಪದ ವಿಷಯ. ಅಪಿಯರೆನ್ಸ್ ಸ್ವಲ್ಪ ಇಸ್ತ್ರಿ ಮಾಡಿದ ಪದ, ಲುಕ್ ಮನೆಯಲ್ಲಿ ಉಡುವ ಪದ. ಲುಕ್ಸ್ ಅಂತ ಬಹುವಚನ ಮಾಡಿದರೆ ಚೆಲುವು. ಅಪಿಯರೆನ್ಸಸ್ ಅಂತ ಬಹುವಚನ ಮಾಡಿದರೋ, ಮೇಲಿನ ತೋರಿಕೆ, ಒಳಗಿನದು ಬೇರೆ ಎಂಬ ಅನುಮಾನ ಹತ್ತಿಕೊಳ್ಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಾಗ ಇಂಗ್ಲಿಷಿನವರು ಬಳಸುವುದು ಈ ಬಹುವಚನವನ್ನೇ. ‘ಕೀಪಿಂಗ್ ಅಪ್ ಅಪಿಯರೆನ್ಸಸ್’ ಎನ್ನುವುದಕ್ಕೆ ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತೇವೆ. ಅದೇ ಹೆಸರಿನ ಬಿಬಿಸಿ ಹಾಸ್ಯ ಧಾರಾವಾಹಿಯೊಂದು 1990ರಲ್ಲಿ ಶುರುವಾಯಿತು. ಅದರ ನಾಯಕಿಯ ಮನೆತನದ ಹೆಸರು ಬಕೆಟ್. ಆದರೆ ಆಕೆ ಅದನ್ನು ‘ಬುಕೆ’ ಅಂತಲೇ ಕರೆಯಬೇಕೆಂದು ಹಟ ಹಿಡಿಯುತ್ತಾಳೆ! ನನಗೇನೋ ಇಂಗ್ಲಿಷಿನ ನುಡಿಗಟ್ಟಿನಲ್ಲಿ ನಮ್ಮ ಗಾದೆಯಲ್ಲಿಲ್ಲದ ಮರುಕವೂ ಕೊಂಚ ಇದೆ ಅನಿಸುತ್ತದೆ. ಕೆಟ್ಟ ಕಾಲದಲ್ಲೂ ಮಡಿಕೆ ಹಾಕಿದ ಶರಟು ತೊಟ್ಟು ಕಚೇರಿಗೆ ಬರುತ್ತಿದ್ದ ಗುಮಾಸ್ತರನ್ನು ಕಂಡವನಿಗೆ ಆ ಜುಟ್ಟಿನ ಮಲ್ಲಿಗೆಯನ್ನು ಆಡಿಕೊಳ್ಳಲು ಮನಸ್ಸು ಬರುವುದಿಲ್ಲ.

‘ಪುಟ್ ಇನ್ ಆ್ಯನ್ ಅಪಿಯರೆನ್ಸ್’ ಅಂತ ಬಂದರೆ ತಲೆ ಕೆಡಿಸಿಕೊಳ್ಳಬೇಡ. ‘ಮದುವೆಗೆ ಹೋಗಿ ಮುಖ ತೋರಿಸಿ ಬಂದುಬಿಡು’ ಅಂತ ನಿಮ್ಮಮ್ಮ ಹೇಳುವುದಿಲ್ಲವೇ, ಅದೇ.

ನಮ್ಮವರ ಒಂದು ತಪ್ಪು ನನಗೆ ಬಹಳ ಕಿರಿಕಿರಿ. ‘ಸುಸ್ತಾದವನ ಹಾಗೆ ಕಾಣುತ್ತಿದ್ದಾನೆ’ ಎಂಬುದನ್ನು ‘ಹೀ ಈಸ್ ಅಪಿಯರಿಂಗ್ ಟಯರ್ಡ್’ ಅಂತ ಬರೆಯುತ್ತಾರೆ. ‘ಹೀ ಅಪಿಯರ್ಸ್ ಟಯರ್ಡ್’ ಅನ್ನಬೇಕು. ‘ಈಸ್ ಅಪಿಯರಿಂಗ್’ ಸರಿಹೋಗುವುದು ವಕೀಲರು ಪ್ರತಿವಾದಿಯ ಪರ ನಿಂತಾಗ. ಪರೀಕ್ಷೆಗೆ ಅಪಿಯರ್ ಆಗುವುದೂ ನಮ್ಮ ಕಡೆಯ ಬಳಕೆ. ಲಂಡನ್ನಿನವರು ಪರೀಕ್ಷೆಗೆ ‘ಸಿಟ್’ ಆಗುತ್ತಾರೆ. ನಮ್ಮದನ್ನು ತಪ್ಪು ಅನ್ನಲಾರೆ, ಇಷ್ಟು ಕೋಟಿ ಜನ ಕೂತು ಬರೆದ ಮೇಲೆ.

ಕಾಣೆಯಾದವರ ಪ್ರಕಟಣೆಯಲ್ಲಿ ‘ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು’ ಅಂತ ಪೊಲೀಸರು ಬರೆಸುತ್ತಾರಲ್ಲ, ಅದಕ್ಕೆ ಚಹರೆ ಎನ್ನುವ ಒಳ್ಳೆಯ ಪದವಿದೆ. ಅಂಥದ್ದನ್ನು ಇಂಗ್ಲಿಷಿಗೆ ತರುವಾಗ ಅಪಿಯರೆನ್ಸ್ ಎಂಬ ಒಂದೇ ಪದಕ್ಕೆ ಎಲ್ಲವನ್ನೂ ತುರುಕಬೇಡ. ಎತ್ತರ ಎಷ್ಟು, ಉಡುಪು ಯಾವುದು, ಗಾಯದ ಗುರುತು ಎಲ್ಲಿ, ಬಿಡಿಸಿ ಬರೆ.

ಇದೇ ಬಳ್ಳಿಯ ಇನ್ನೊಂದು ಕಾಯಿ, ಅಪ್ಯಾರೆಂಟ್, ಇದಕ್ಕಿಂತ ಅಪಾಯದ್ದು. ತೀರ್ಪಿನ ಪುನರ್ವಿಮರ್ಶೆ ಕೇಳುವ ಆರ್ಡರ್ 47ರಲ್ಲಿ ‘ಎರರ್ ಅಪ್ಯಾರೆಂಟ್ ಆನ್ ದ ಫೇಸ್ ಆಫ್ ದ ರೆಕಾರ್ಡ್’ ಅಂತ ಇದೆ. ಅಲ್ಲಿ ಅದು ಕಣ್ಣಿಗೆ ಹೊಡೆಯುವ ಹಾಗೆ ಎದ್ದು ಕಾಣುವ ತಪ್ಪು. ಆದರೆ ‘ಅಪ್ಯಾರೆಂಟ್ ಕಾಮ್’ ಅಂದರೆ ಮೇಲ್ನೋಟಕ್ಕಷ್ಟೇ ಶಾಂತಿ. ಒಂದೇ ಪದ, ಅರ್ಥ ಹೆಚ್ಚುಕಡಿಮೆ ತಿರುಗುಮುರುಗು. ‘ಅಪ್ಯಾರೆಂಟ್ಲಿ’ಯಂತೂ ನಮ್ಮ ‘ಅಂತೆ’. ಅವನಿಗೆ ಜ್ವರವಂತೆ, ಊರಲ್ಲಿಲ್ಲವಂತೆ. ಸಾಕ್ಷಿ ಕಣ್ಣಾರೆ ಕಂಡದ್ದಕ್ಕೆ ನೀನು ಅಫಿಡವಿಟ್ಟಿನಲ್ಲಿ ಅಪ್ಯಾರೆಂಟ್ಲಿ ಸೇರಿಸಿದರೆ ಅವನನ್ನು ನೀನೇ ಅಂತೆಕಂತೆಯವನಾಗಿ ಮಾಡಿದ ಹಾಗೆ. ಎದುರು ವಕೀಲರು ಬಿಡುತ್ತಾರೆಯೇ?

ಕಾಗುಣಿತ ಮರೆತಿದ್ದೆ. ‘ಪಿ’ ಎರಡು, ‘ಆರ್’ ಒಂದು, ಕೊನೆಯಲ್ಲಿ ‘ಎ-ಎನ್-ಸಿ-ಇ’. ನಿನ್ನ ಚೀಟಿಯಲ್ಲಿ ‘ಪಿ’ ಒಂದೇ ಇತ್ತು. ಸೀನಿಯರ್ ಅದನ್ನು ನೋಡಲಿಲ್ಲ, ನಗುವ ಗಡಿಬಿಡಿಯಲ್ಲಿ.

ಚೀಟಿಯನ್ನು ತಿದ್ದಿ ಇಟ್ಟಿದ್ದೇನೆ, ಸಂಜೆ ಬಂದು ತೆಗೆದುಕೊಂಡು ಹೋಗು. ‘ಹೀ ಹ್ಯಾಸ್ ಅಪಿಯರ್ಡ್ ಆನ್ ಎವ್ರಿ ಹಿಯರಿಂಗ್ ಡೇಟ್’, ಅಷ್ಟೇ ಸಾಕು. ನಾಳೆ ನಿಮ್ಮದು ಏಳನೇ ಕೇಸು ಅಂದೆಯಲ್ಲ? ಪಟ್ಟಿ ಎಷ್ಟು ಹೊತ್ತಿಗೆ ಓಡುತ್ತದೋ ಹೇಳಲಾಗದು. ಟೀ ಆಮೇಲೆ ಕುಡಿ.